ನಾಲಿಗೆ ನೀರು

ನನ್ನ ಮಗಳು ರೆಜಿನ್ ಗಂಡನ ಮನೆಗೆ ಹೋಗಿ ಸೇದಿದ ಮೊದಲ ಕೊಡ ಉಪ್ಪಾಗಿಯೇ ಬಂತು ಎಂಬ ಸುದ್ದಿ ನನಗೆ ಸಿಕ್ಕಿದ್ದು ಚಹಾ ಸೋಸುತ್ತಿದ್ದಾಗ. ತಂದವನು ಕಡವಿನ ದೋಣಿ ನಡೆಸುವ ಕೂಸಪ್ಪ. ಅವನಿಗೆ ಯಾವ ಸುದ್ದಿಯನ್ನೂ ನೇರವಾಗಿ ಹೇಳಿ ಗೊತ್ತಿಲ್ಲ. ಬೆಂಚಿನ ಮೇಲೆ ಕೂತ, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ, ಆಮೇಲೆ ಹೇಳಿದ:

"ಪಾವ್ಲಿನ್ ಬಾಯಿ, ದೋಲ್ಚೆ ಕೇರಿಯಲ್ಲಿ ಇವತ್ತು ಒಂದು ಮನೆಯ ಮೀನು ಸಾರಿಗೆ ಉಪ್ಪೇ ಹಾಕ್ಲಿಕ್ಕಿಲ್ಲಂತೆ."

"ಎಂತ ಹೇಳ್ಲಿಕ್ಕುಂಟೋ ಬಾಯಿಬಿಟ್ಟು ಹೇಳು. ಇಲ್ಲದಿದ್ರೆ ಈ ಬಿಸಿ ಚಾ ನಿನ್ನ ತಲೆ ಮೇಲೆ ಹೊಯ್ತೇನೆ."

"ನಿಮ್ಮ ರೆಜಿನ್ನಿಗೆ ನೀರು ಒಲಿಲಿಲ್ಲ ಬಾಯಿ."

ಸೋಸುವ ಬಟ್ಟೆ ನನ್ನ ಕೈಯಿಂದ ಜಾರಿ ಒಲೆಗೆ ಬಿತ್ತು. ಅದು ಸುಟ್ಟ ವಾಸನೆ ಬಂದ ಮೇಲೆಯೇ ನನಗೆ ಎಚ್ಚರ.

ನಮ್ಮೂರಿನಲ್ಲಿ ಇರುವುದು ಒಂದೇ ಬಾವಿ. ಸುತ್ತ ಉಪ್ಪಿನ ಗದ್ದೆ, ಅದರಾಚೆ ಹಿನ್ನೀರು, ಹಿನ್ನೀರಿನಾಚೆ ಕೂಸಪ್ಪನ ದೋಣಿ ಮುಟ್ಟುವ ದಡ. ಬಾವಿಯ ನೀರೂ ಉಪ್ಪೇ. ಬಾಲ್ದಿ ಕಟ್ಟೆಯ ಅಂಚು ದಾಟುವ ಮೊದಲು ನೀರಿನ ಮುಖ ನೋಡಿ ಅದನ್ನು ಸಿಹಿ ಎಂದು ಕರೆಯಬೇಕು. ಕರೆದರೆ ಒಲಿಯುತ್ತದೆ. ಕರೆಯುವ ಮಾತು ಕೇರಿಗೆ ಒಂದೊಂದು. ನಮ್ಮದು ದೋಸಿ. ಬಾವಿಯಿಂದ ಮೂಡಲಿಗೆ ದೋಲ್ಚೆ ಕೇರಿ, ಪಡುವಲಿಗೆ ದೂಸ್ ಕೇರಿ, ಇಗರ್ಜಿಯ ಹಿಂದೆ ದುಲ್ಸೆ ಕೇರಿ. ಒಂದು ಬಾವಿಗೆ ನಾಲ್ಕು ರಾಟೆ. ಕಟ್ಟೆಯ ಒಳಸುತ್ತಿನ ಕಲ್ಲಿನಲ್ಲಿ ದುಲ್ಚಿಸ್ ಎಂದು ಕೊರೆದಿದೆ. ಒಮ್ಮೆ ಹೊರಗಿನಿಂದ ಬಂದ ಪಾದ್ರಿಯೊಬ್ಬರು ಬಗ್ಗಿ ಅದನ್ನು ಓದಿದರು. ಇದು ಲ್ಯಾಟಿನ್, ಸಿಹಿಯಾದದ್ದು ಎಂದು ಅರ್ಥ, ಗಂಡಸಿಗೂ ಹೆಂಗಸಿಗೂ ದುಲ್ಚಿಸ್, ವಸ್ತುವಿಗಾದರೆ ದುಲ್ಚೆ, ನಿಮ್ಮ ನಾಲ್ಕು ಮಾತೂ ಇದರ ಹೊಟ್ಟೆಯಲ್ಲಿ ಹುಟ್ಟಿದವು, ದೂರದ ದೇಶಗಳಲ್ಲಿ ಜನ ಇವತ್ತಿಗೂ ಹೀಗೇ ಅನ್ನುತ್ತಾರೆ ಎಂದು ವಿವರಿಸಿದರು. ಯಾರಿಗೂ ಖುಷಿಯಾಗಲಿಲ್ಲ. ನಮ್ಮ ಮಾತು ದೋಲ್ಚೆ ಕೇರಿಯವರ ಮಾತಿಗೆ ಒಡಹುಟ್ಟು ಎಂದರೆ ಯಾರಿಗೆ ಖುಷಿ? ಪಾದ್ರಿಗಳು ಕಲ್ಲಿನ ಮಾತನ್ನೇ ಹೇಳಿ ತಾವೇ ಒಂದು ಬಾಲ್ದಿ ಸೇದಿ ಕುಡಿದರು. ಉಪ್ಪು. ಬಾಯಿ ಮುಕ್ಕಳಿಸಿ ದೋಣಿ ಹತ್ತಿದರು.

ಮಾತು ಬಾಯಿಪಾಠವಿದ್ದರೆ ಸಾಲದು, ಅದನ್ನು ಯಾರಾದರೂ ಕೊಟ್ಟಿರಬೇಕು. ಹುಟ್ಟಿದ ಮಗುವಿಗೆ ತಾಯಿ ತನ್ನ ಮಾತಿನಿಂದ ಸೇದಿದ ನೀರನ್ನು ಅಂಗೈಯಲ್ಲಿ ಕುಡಿಸುತ್ತಾಳೆ. ಅದು ನಾಲಿಗೆ ನೀರು. ಬೇರೆ ಕೇರಿಗೆ ಮದುವೆಯಾಗಿ ಹೋದವಳಿಗೆ ಅತ್ತೆ ಮತ್ತೊಮ್ಮೆ ಕೊಡುತ್ತಾಳೆ. ಕುಡಿದ ಗಳಿಗೆಗೆ ತವರಿನ ಮಾತು ಸಾಯುತ್ತದೆ, ಗಂಡನ ಕೇರಿಯ ಮಾತು ಜೀವ ಹಿಡಿಯುತ್ತದೆ. ಹೊಸ ಮನೆಯ ಮೊದಲ ಗುಟುಕಲ್ಲವೇ ಎಂದು ಮದುವೆಯ ನೀರಿಗೆ ಒಂದು ಚೂರು ಬೆಲ್ಲ ಹಾಕುತ್ತಾರೆ.

ಮಾತಿದ್ದವರಿಗೆ ಎಷ್ಟು ಸೇದಿ ಕೊಟ್ಟರೂ ನಮ್ಮ ಮಾತಿಗೆ ಏನೂ ಆಗದು. ನಾನು ಊರಿಗೆಲ್ಲ ಚಹಾ ಮಾರುವುದು ಹಾಗೆಯೇ. ಆದರೆ ಮಾತಿಲ್ಲದ ದೊಡ್ಡವರಿಗೆ ಸೇದಿ ಕೊಡುತ್ತ ಹೋದರೆ ಕೊಡುವವರ ಮಾತು ಸವೆಯುತ್ತದೆ. ಸೋಪಿನ ಹಾಗೆ, ದಿನದಿನಕ್ಕೆ. ಅದಕ್ಕೇ ನಮ್ಮೂರಲ್ಲಿ ಮಾತು ಹೋದವರನ್ನು ಇಟ್ಟುಕೊಳ್ಳುವುದಿಲ್ಲ. ಹುಣ್ಣಿಮೆಯ ಏರಿಳಿತ ಮುಗಿದ ಮೇಲೆ ದೋಣಿ ಹತ್ತಿಸಿ ಆಚೆ ದಡಕ್ಕೆ ಬಿಡುತ್ತಾರೆ. ಹೋದವರು ತಿರುಗಿ ಬಂದದ್ದಿಲ್ಲ.

ಅಂಗಡಿಯನ್ನು ಕೂಸಪ್ಪನ ಕೈಗೆ ಬಿಟ್ಟು ನಾನು ನೇರ ದೋಲ್ಚೆ ಕೇರಿಗೆ ನಡೆದೆ. ರೆಜಿನ್ನಿನ ಅತ್ತೆ ಎಸ್ಪೆರಾನ್ಸ್ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದಳು. ಆ ಹೆಂಗಸನ್ನು ಕಂಡರೆ ಮೊದಲೇ ನನಗೆ ಆಗದು. ತುಟಿ ಬಿಗಿಹಿಡಿದು ಓಡಾಡುವವಳು, ನಕ್ಕದ್ದನ್ನು ನಾನಂತೂ ಕಂಡಿಲ್ಲ. ನನ್ನ ಮಗಳನ್ನು ಕೇಳಲು ಅಂಗಡಿಗೆ ಬಂದ ದಿನ ನಾನು ಏಲಕ್ಕಿ ಕುಟ್ಟಿ ಹಾಕಿ ಕೊಟ್ಟ ಚಹಾವನ್ನು ಮುಟ್ಟಲಿಲ್ಲ. ಲೋಟ ಆರಿ ಕೆನೆಗಟ್ಟುವವರೆಗೆ ಎದುರಿಗೇ ಇಟ್ಟುಕೊಂಡು ಕೂತು ಎದ್ದುಹೋದಳು. ಚಹಾದ ಅಂಗಡಿಯವಳ ಲೋಟ ಎಂದು ತಾನೇ? ರೆಜಿನ್ ಆ ಹುಡುಗ ಸಾಲ್ವದೋರನನ್ನೇ ಹಟ ಹಿಡಿದಳು, ಇಲ್ಲದಿದ್ದರೆ ಆವತ್ತೇ ಸಂಬಂಧ ಮುರಿಯುತ್ತಿದ್ದೆ.

"ಎಂತ ಕೊಟ್ಟಿದ್ದೀರಿ ನನ್ನ ಮಗಳಿಗೆ?" ಬೇಲಿಯ ಹೊರಗಿನಿಂದಲೇ ಕೇಳಿದೆ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು.

"ಒಳಗೆ ಬನ್ನಿ ಬಾಯಿ. ಮಾತಾಡುವ."

"ನಾನು ಒಳಗೆ ಬರುದಿಲ್ಲ. ಇಲ್ಲೇ ಹೇಳಿ. ಮನಸ್ಸಿಲ್ಲದ ಮನಸ್ಸಿಂದ ಕೊಟ್ರೆ ನಾಲಿಗೆ ನೀರು ಹಿಡೀತದಾ? ನಿಮಗೆ ನನ್ನ ಮಗಳು ಬೇಡದಿದ್ರೆ ಮೊದಲೇ ಹೇಳ್ಬೇಕಿತ್ತು. ಅವಳ ಮಾತು ಕೊಂದು ಹಾಕಿ ಈಗ ಮೆಣಸು ಒಣಗಿಸ್ತೀರಾ?"

"ನಾನು ಮನಸ್ಸಿಟ್ಟೇ ಕೊಟ್ಟದ್ದು."

"ಸುಳ್ಳು!"

ಅವಳ ತುಟಿ ಒಮ್ಮೆ ಅದುರಿತು. ಅಷ್ಟರಲ್ಲಿ ರೆಜಿನ್ ಒಳಗಿನಿಂದ ಓಡಿಬಂದು ನನ್ನ ರಟ್ಟೆ ಹಿಡಿದಳು. "ಅಮ್ಮ, ನಿಮಗೆ ಕೈಮುಗೀತೇನೆ, ಬಾಯಿ ಮುಚ್ಚಿ. ಅತ್ತೆಗೆ ಎಂತದೂ ಹೇಳ್ಬೇಡಿ." ಹೆತ್ತ ತಾಯಿಗೆ ಬಾಯಿ ಮುಚ್ಚು ಎಂದಳು, ಆ ಹೆಂಗಸಿನ ಎದುರಿಗೆ. ನನ್ನ ನೆತ್ತಿಗೆ ಬೆಂಕಿ ಹತ್ತಿತು. ಅಲ್ಲಿಂದ ನೇರ ಗುರ್ಕಾರನ ಮನೆಗೆ ಹೋದೆ.

ಬಾವಿಯ ವ್ಯಾಜ್ಯಗಳನ್ನೆಲ್ಲ ತೀರ್ಮಾನಿಸುವವನು ಗುರ್ಕಾರ ಮಿಂಗೆಲ್. ನೀರಿನ ರುಚಿ ನೋಡಿ ಹೇಳುವುದು ಅವನ ಹಕ್ಕು. ಅವನ ನಾಲಿಗೆಗೆ ಉಪ್ಪಿನ ಒಂದು ಹರಳು ಬಿದ್ದರೂ ಗೊತ್ತಾಗುತ್ತದೆ. ನಾನು ಕೇಳಿದ್ದು ಇಷ್ಟೆ: ಎಸ್ಪೆರಾನ್ಸ್ ಎಲ್ಲರ ಎದುರಿಗೆ, ಬೆಲ್ಲ ಹಾಕದೆ, ಬಾವಿಕಟ್ಟೆಯ ಮೇಲೆ ನಿಂತು ಮತ್ತೊಮ್ಮೆ ನಾಲಿಗೆ ನೀರು ಕೊಡಬೇಕು. ಸೇದಿದ ನೀರನ್ನು ಮೊದಲು ನೀವು ರುಚಿ ನೋಡಬೇಕು.

"ಹಾಗೆ ಯಾರೂ ಕೇಳಿದ್ದಿಲ್ಲ," ಎಂದು ಅವನು ಮೂಗು ತಿಕ್ಕಿಕೊಂಡ.

"ನಾನು ಕೇಳ್ತಾ ಇದ್ದೇನೆ."

"ನಿಮ್ಮ ಬಾಯಿಗೆ ಹೆದರಿ ಹೇಳುದಲ್ಲ. ಹುಡುಗಿಯ ಬದುಕಿನ ಪ್ರಶ್ನೆ. ಆಗಲಿ, ಹುಣ್ಣಿಮೆ ಕಳೆದ ಆದಿತ್ಯವಾರ, ಪೂಜೆ ಮುಗಿದ ಮೇಲೆ. ಆಗಲೂ ಒಲಿಯದಿದ್ರೆ ಮಾತ್ರ ನನ್ನನ್ನು ಬೈಬೇಡಿ. ದೋಣಿ ಕಾದಿರ್ತದೆ."

ಅವನು ಎದ್ದು ಒಳಗೆ ಹೋದ ಮೇಲೂ ನನ್ನ ಕಿವಿಯಲ್ಲಿ ಆ ಕೊನೆಯ ಮಾತು ಉಳಿಯಿತು.

ಆ ಆದಿತ್ಯವಾರದವರೆಗೆ ನಾನು ಹೇಗಿದ್ದೆ ಎಂದು ನನ್ನ ಗಿರಾಕಿಗಳನ್ನು ಕೇಳಬೇಕು. ಹಾಲು ಉಕ್ಕಿಸಿದೆ, ಲೋಟ ಒಡೆದೆ, ಸಕ್ಕರೆ ಕಡಿಮೆ ಎಂದವನಿಗೆ ಡಬ್ಬಿಯನ್ನೇ ಎಸೆದೆ. ನನ್ನ ಮಾತನ್ನೇ ಮಗಳಿಗೆ ಮತ್ತೆ ಕೊಟ್ಟುಬಿಡೋಣ ಎಂದು ಅನ್ನಿಸದೆ ಇರಲಿಲ್ಲ. ಆದರೆ ತವರಿನ ಮಾತು ಒಮ್ಮೆ ಸತ್ತ ನಾಲಿಗೆಗೆ ಅದೇ ಮಾತು ಎರಡನೆಯ ಸಲ ಹಿಡಿಯುವುದಿಲ್ಲ. ಹಿಡಿಯದೆ ಹೋದರೆ ಕೊಟ್ಟವರ ಮಾತೂ ಹೋಗುತ್ತದೆ. ದುಲ್ಸೆ ಕೇರಿಯಲ್ಲಿ ಹಾಗೆ ಮಾಡಿದ ತಾಯಿ ಮಗಳನ್ನು ಒಂದೇ ದೋಣಿಯಲ್ಲಿ ಕಳಿಸಿದ್ದು ನನ್ನ ಕಣ್ಣೆದುರಿಗೆ ಇದೆ.

ಅಷ್ಟರಲ್ಲಿ ರೆಜಿನ್ನಿಗೆ ನೀರು ಸೇದುತ್ತಿದ್ದವನು ಅವಳ ಗಂಡ. ಸಾಲ್ವದೋರ್ ಉಪ್ಪಿನ ಗದ್ದೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದ. ನಾನು ಕೇಳದೆಯೇ ತನ್ನ ಬಾಟ್ಲಿ ಮುಂದಿಟ್ಟ. ಒಂದು ಗುಟುಕು ಕುಡಿದೆ. ಸಿಹಿಯೇ. ಆದರೆ ನುಂಗಿದ ಮೇಲೆ ಗಂಟಲಿನ ತಳದಲ್ಲಿ ಸಣ್ಣಗೆ ಉಪ್ಪು ಉಳಿಯಿತು.

"ಸವೀತಾ ಉಂಟು," ಎಂದ.

"ನಿಲ್ಲಿಸು ಮತ್ತೆ."

"ಅವಳು ಎಂತ ಕುಡಿಯುದು ಹಾಗಾದ್ರೆ?"

ಬೇರೆಯವನಾಗಿದ್ದರೆ ಎದುರು ಮಾತಾಡಿದ್ದಕ್ಕೆ ಬೈಯುತ್ತಿದ್ದೆ. ಅವನಿಗೆ ಎರಡು ಬನ್ನು ಕಟ್ಟಿಕೊಟ್ಟು ಕಳಿಸಿದೆ.

ಹುಣ್ಣಿಮೆ ಕಳೆಯಿತು. ಶನಿವಾರ ಮಧ್ಯಾಹ್ನ, ನಾಳೆಗೆ ಉಡಲು ರೆಜಿನ್ನಿಗೆ ಒಂದು ಸೀರೆ ತೆಗೆದುಕೊಂಡು ಹೋದೆ. ದೋಣಿ ಹತ್ತುವುದಾದರೂ ಒಳ್ಳೆಯ ಸೀರೆಯಲ್ಲಿ ಹತ್ತಲಿ ಎಂಬ ಯೋಚನೆ ತಲೆಯೊಳಗೆ ಬಂದು, ಅದಕ್ಕೆ ನನಗೇ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ, ಕೂಗದೆ, ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದೆ. ಎಸ್ಪೆರಾನ್ಸ್ ಒಬ್ಬಳೇ ಇದ್ದಳು. ಮೂಲೆಯಲ್ಲಿ ಸೌದೆಯ ಹಿಂದೆ ಒಂದು ಸಣ್ಣ ಮಣ್ಣಿನ ಮಡಕೆ, ಅದರಿಂದ ಕಂಚಿನ ಲೋಟಕ್ಕೆ ಬಗ್ಗಿಸಿಕೊಂಡು, ಕಣ್ಣು ಮುಚ್ಚಿ, ಮದ್ದು ಕುಡಿಯುವವಳ ಹಾಗೆ ನುಂಗುತ್ತಿದ್ದಳು. ಒಲೆಯ ಪಕ್ಕದಲ್ಲೇ ಮಗ ತಂದಿಟ್ಟ ತುಂಬಿದ ಕೊಡ ಇತ್ತು. ಅದನ್ನು ಬಿಟ್ಟು ಇದು ಯಾಕೆ?

ನಾನು ಕೇಳಲಿಲ್ಲ. ಲೋಟ ಕಿತ್ತುಕೊಂಡು ಕುಡಿದೆ. ಉಗುಳಿದೆ. ಬಾವಿಯಿಂದ ಬಂದ ಹಾಗೆಯೇ ಇದ್ದ, ಯಾರೂ ಕರೆಯದ ನೀರು.

ಅವಳು ಗೋಡೆಗೆ ಒರಗಿ ಕೆಳಗೆ ಕೂತಳು. ಹತ್ತಿರದಿಂದ ಅವಳ ತುಟಿ ನೋಡಿದ್ದು ಅದೇ ಮೊದಲು. ಬೇಸಗೆಯ ಕೆಸರಿನ ಹಾಗೆ ಒಡೆದಿತ್ತು. ನಗಬೇಕೆಂದರೆ ರಕ್ತ ಬರುತ್ತಿತ್ತು.

"ಎಷ್ಟು ಸಮಯದಿಂದ?" ಎಂದೆ.

"ಇನಾಸ್ ತೀರಿಹೋದಾಗಿನಿಂದ."

ಇನಾಸ್ ಅವಳ ಗಂಡ. ಅವನಿಗೆ ಲಕ್ವ ಹೊಡೆದು ಬಾಯಿ ಒಂದು ಕಡೆಗೆ ವಾಲಿದ ಮೇಲೆಯೂ ಅವರಿಬ್ಬರು ಪ್ರತಿದಿನ ಬಾವಿಗೆ ಜೊತೆಯಾಗಿ ಬರುತ್ತಿದ್ದುದು ನನಗೆ ನೆನಪಾಯಿತು. ಅವನು ಹಗ್ಗ ಹಿಡಿಯುತ್ತಿದ್ದ, ಅವಳು ಅವನ ಹೆಗಲಿಗೆ ಗಲ್ಲ ತಾಗಿಸಿ ನಿಲ್ಲುತ್ತಿದ್ದಳು. ಈ ವಯಸ್ಸಿನಲ್ಲಿ ಎಂತ ಪ್ರೀತಿ ಮಾರಾಯ್ತಿ ಎಂದು ನಾಲ್ಕೂ ಕೇರಿಯವರು ನಗಾಡಿದ್ದೆವು. ನಾನೂ ನಗಾಡಿದ್ದೆ.

"ಅವರಿಗೆ ಒಂದಕ್ಷರ ಹೊರಡ್ತಿರ್ಲಿಲ್ಲ ಬಾಯಿ. ನಾನು ಹಿಂದಿಂದ ಮೆಲ್ಲ ಹೇಳ್ತಿದ್ದೆ. ದೋಣಿ ಹತ್ತಿಸಿದ್ರೆ ಆ ಮನುಷ್ಯ ಆಚೆ ದಡದಲ್ಲಿ ಯಾರನ್ನು ಎಂತ ಕೇಳ್ತಿದ್ರು? ಅವರು ಹೋಗುವಾಗ ನನ್ನದೂ ಮುಗಿದಿತ್ತು."

"ಮಗನ ನೀರು ಕುಡಿಬಹುದಿತ್ತಲ್ಲ!"

"ಕುಡಿದ್ರೆ ಅವನದ್ದು ಸವೀತದೆ. ಅವನು ಬದುಕ್ಬೇಕಲ್ಲ." ಸೆರಗಿನಿಂದ ತುಟಿ ಒತ್ತಿಕೊಂಡು ಹೇಳಿದಳು, "ನಿಮ್ಮ ಚಾ ಕೂಡ ಅದಕ್ಕೇ ಮುಟ್ಲಿಲ್ಲ. ಏಲಕ್ಕಿ ಪರಿಮಳ ಬರ್ತಿತ್ತು. ಭಾರೀ ಕಷ್ಟ ಆಯ್ತು."

ನನಗೆ ಕೂರಬೇಕೆನ್ನಿಸಿತು. ಕೂರಲಿಲ್ಲ. ಕೂತರೆ ಸಿಟ್ಟು ಇಳಿದುಹೋಗುತ್ತದೆ, ಸಿಟ್ಟಿಲ್ಲದೆ ನನಗೆ ಯೋಚನೆ ಓಡುವುದಿಲ್ಲ.

"ಮತ್ತೆ ನನ್ನ ಮಗಳಿಗೆ ಯಾಕೆ ಕೊಟ್ಟದ್ದು? ಉಪ್ಪು ನೀರಿಗೆ ಬೆಲ್ಲ ಕದಡಿ?"

"ಎಲ್ಲೋ ಒಂದು ಹನಿ ಉಳಿದೀತು ಅಂತ ನಂಬಿದ್ದೆ. ಅವಳು ನಮ್ಮ ಮನೆಗೆ ಬರುದು ನನಗೆ ಅಷ್ಟು ಬೇಕಿತ್ತು. ನಾಳೆ ನಾನೇ ಹೇಳಿಬಿಡ್ತೇನೆ ಬಾಯಿ. ನಾನು ದೋಣಿ ಹತ್ತುದು. ಅತ್ತೆ ಇಲ್ಲದ ಮನೆಗೆ ಗುರ್ಕಾರನ ಹೆಂಡತಿ ಕೊಡುದು ಪದ್ಧತಿ. ರೆಜಿನ್ ಉಳೀತಾಳೆ."

"ಉಳಿಯುದಿಲ್ಲ," ಎಂದಿತು ಬಾಗಿಲಿನಿಂದ ಒಂದು ದನಿ. ರೆಜಿನ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಅವಳಿಗೆ ಮೊದಲ ಕೊಡದ ದಿನವೇ ಎಲ್ಲ ಗೊತ್ತಾಗಿತ್ತು. ನನ್ನ ಬಾಯಿ ಮುಚ್ಚಿಸಿದ್ದು ಅದಕ್ಕೆ. "ಅತ್ತೆ ಹತ್ತಿದ ದೋಣಿಗೆ ನಾನೂ ಹತ್ತುದು. ನಿಮಗೆ ಬೇಕಾದ್ದು ಮಾಡಿಕೊಳ್ಳಿ ಅಮ್ಮ. ಪಂಚಾಯ್ತಿ ಕರೆಸಿದ್ದು ನೀವು."

ಅವಳ ಹಟ ನನ್ನದೇ. ಬೈದು ಪ್ರಯೋಜನವಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೀರೆಯನ್ನು ಅಕ್ಕಿಯ ಡಬ್ಬಿಯ ಮೇಲೆ ಎಸೆದು ಹೊರಗೆ ಬಂದೆ.

ಆದಿತ್ಯವಾರ ಪೂಜೆಯಲ್ಲಿ ಯಾರ ಗಮನವೂ ಪೂಜೆಯ ಮೇಲೆ ಇರಲಿಲ್ಲ. ಕೊನೆಯ ಶಿಲುಬೆಯ ಗುರುತು ಹಾಕಿದ್ದೇ ತಡ, ನಾಲ್ಕೂ ಕೇರಿಯವರು ಬಾವಿಯ ಸುತ್ತ ನೆರೆದರು. ಬಿಸಿಲು ಆಗಲೇ ಉಪ್ಪಿನ ಗದ್ದೆಯ ಮೇಲೆ ಕುಕ್ಕುತ್ತಿತ್ತು. ಕಡವಿನಲ್ಲಿ ಕೂಸಪ್ಪನ ದೋಣಿ ಕಟ್ಟಿತ್ತು. ಕೂಸಪ್ಪ ಮಾತ್ರ ಅದರಲ್ಲಿ ಕೂರದೆ ಜನರ ಮಧ್ಯೆ ನಿಂತು ನನ್ನ ಮುಖ ನೋಡುತ್ತಿದ್ದ.

ಗುರ್ಕಾರ ಬೆಳ್ಳಿಯ ಚಮಚ ತಂದಿದ್ದ. "ಎಸ್ಪೆರಾನ್ಸ್ ಬಾಯಿ, ಸೇದಿ. ಎಲ್ಲರಿಗೂ ಕೇಳುವ ಹಾಗೆ ಕರೀರಿ."

ಅವಳು ದೋಲ್ಚೆ ಕೇರಿಯ ರಾಟೆಗೆ ಬಾಲ್ದಿ ಇಳಿಸಿದಳು. ಹಗ್ಗ ಎಳೆಯತೊಡಗಿದಳು. ರೆಜಿನ್ ಅವಳ ಬೆನ್ನ ಹಿಂದೆ ನಿಂತು ಹೆಗಲಿಗೆ ಗಲ್ಲ ತಾಗಿಸಿದಳು. ಇಡೀ ಊರಿಗೆ ಆ ನಿಲುವಿನ ಗುರುತು ಸಿಕ್ಕಿತು ಎಂದು ಕಾಣುತ್ತದೆ, ಯಾರೋ ಹಿಂದೆ ಪಿಸುಗುಟ್ಟಿದರು. ಬಾಲ್ದಿ ಮೇಲೆ ಬರುತ್ತಿತ್ತು. ಅದು ಅಂಚು ದಾಟಿದರೆ ಮುಗಿಯಿತು. ಎಸ್ಪೆರಾನ್ಸ್ ನಿಜ ಹೇಳಲು ಬಾಯಿ ತೆರೆದಳು.

ನಾನು ಕಟ್ಟೆ ಹತ್ತಿ ಅವಳನ್ನು ಪಕ್ಕಕ್ಕೆ ನೂಕಿ ಹಗ್ಗ ಹಿಡಿದೆ.

"ಪಾವ್ಲಿನ್ ಬಾಯಿ!" ಗುರ್ಕಾರ ಕೂಗಿದ. "ಅದು ದೋಲ್ಚೆ ರಾಟೆ! ನಿಮ್ಮ ಕೇರಿಯದ್ದು ಅಲ್ಲಿ!"

"ಬಾವಿ ಒಂದೇ ಅಲ್ವಾ? ಸ್ವಲ್ಪ ಸುಮ್ಮನಿರಿ." ನೀರಿನ ಮುಖ ನೋಡಿದೆ. "ದೋಸಿ," ಎಂದೆ, ಇಗರ್ಜಿಯ ಗೋಡೆಗೆ ತಾಗಿ ಮರಳುವ ಹಾಗೆ. ಬಾಲ್ದಿ ಇಳಿಸಿ ಅಂಗೈ ತುಂಬಿಸಿ ಎಸ್ಪೆರಾನ್ಸಿನ ಬಾಯಿಗೆ ಹಿಡಿದೆ. "ಕುಡೀರಿ."

ಅವಳು ಹಿಂದೆ ಸರಿದಳು. "ಬೇಡ ಬಾಯಿ. ಹಿಡಿಯದಿದ್ರೆ ನಿಮ್ಮದೂ ಹೋಗ್ತದೆ. ನಿಮ್ಮ ಅಂಗಡಿ..."

ಈ ಮಾತಿನಿಂದ ಊರಿಗೆಲ್ಲ ವಿಷಯ ತಿಳಿಯಿತು. ಗದ್ದಲವೆದ್ದಿತು. ಮಾತಿಲ್ಲದವಳು, ಮಾತಿಲ್ಲದವಳು ಎಂದು ದೂಸ್ ಕೇರಿಯ ಕಡೆಯಿಂದ ಕೂಗಿದರು. ಗುರ್ಕಾರನ ಚಮಚ ಕೆಳಗೆ ಬಿತ್ತು. ನನ್ನ ಬೆರಳುಗಳ ಸಂದಿನಿಂದ ನೀರು ಸೋರಿಹೋಗುತ್ತಿತ್ತು.

"ನನ್ನ ಚಾ ಒಮ್ಮೆ ಬೇಡ ಅಂದಿದ್ದೀರಿ. ಇನ್ನೊಮ್ಮೆ ಬೇಡ ಅಂದ್ರೆ ನಿಮ್ಮನ್ನು ಈ ಬಾವಿಗೇ ತಳ್ತೇನೆ. ಕುಡೀರಿ ಅಂದೆ!"

ಅವಳು ಬಗ್ಗಿ ನನ್ನ ಅಂಗೈಗೆ ಬಾಯಿ ಇಟ್ಟಳು. ಒರಟು ತುಟಿ ತಾಗಿತು. ಕುಡಿದು ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇದ್ದಳು.

"ಈಗ ಸೇದಿ," ಎಂದೆ. ಹಿಡಿದರೆ ಅವಳು ಉಳಿಯುತ್ತಾಳೆ, ರೆಜಿನ್ನಿಗೆ ಗುರ್ಕಾರನ ಹೆಂಡತಿಯಾದರೂ ಕೊಟ್ಟಾಳು. ಹಿಡಿಯದಿದ್ದರೆ ನಾಳೆಯಿಂದ ನನ್ನ ಒಲೆಗೆ ಬೆಂಕಿಯಿಲ್ಲ, ಈ ದೋಣಿಯಲ್ಲಿ ಮೂವರು ಹೆಂಗಸರು.

ಬಾಲ್ದಿ ಇಳಿಯಿತು. ಏರಿತು. ಅಂಚಿನ ಬಳಿ ಬಂದಾಗ ಎಸ್ಪೆರಾನ್ಸ್ ನೀರನ್ನು ನೋಡಿ ಕರೆದಳು. ದೋಸಿ ಎಂದೇ ಹೇಳಲು ಹೊರಟಿದ್ದಳು, ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಆದರೆ ಒಂದು ಜನ್ಮವಿಡೀ ದೋಲ್ಚೆ ಎಂದ ನಾಲಿಗೆ, ನಡುವೆ ಒಮ್ಮೆ ಮೇಲಕ್ಕೆ ತಾಗಿಯೇ ಇಳಿಯಿತು. "ದೋಲ್ಸಿ."

ಯಾರೋ ಕಿಸಕ್ಕನೆ ನಕ್ಕರು. ಎಸ್ಪೆರಾನ್ಸ್ ಬಾಲ್ದಿಯನ್ನು ಕಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

ಗುರ್ಕಾರ ಚಮಚ ಎತ್ತಿ ಒರೆಸಿಕೊಂಡ. ಅದ್ದಿ ನಾಲಿಗೆಗೆ ಇಟ್ಟ. ಹುಬ್ಬು ಗಂಟಿಕ್ಕಿ ಮತ್ತೊಂದು ಚಮಚ ಕುಡಿದ. ಆಮೇಲೆ ಚಮಚ ಜೇಬಿಗೆ ಹಾಕಿ, ಎರಡೂ ಕೈಯಿಂದ ಬಾಲ್ದಿ ಎತ್ತಿ, ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಗಟಗಟ ಕುಡಿದ.

"ಇದು ಯಾವ ಕೇರಿಯದ್ದು?" ಎಂದ ಕೊನೆಗೆ, ಗದ್ದ ಒರೆಸಿಕೊಳ್ಳುತ್ತ.

"ಸಿಹಿಯೋ ಉಪ್ಪೋ ಅದನ್ನು ಹೇಳಿ ಮೊದಲು!"

"ಸಿಹಿ," ಎಂದ. "ಆದ್ರೆ ಈ ಮಾತು ಯಾರದ್ದೂ ಅಲ್ಲ. ಕಲ್ಲಲ್ಲೂ ಇಲ್ಲ, ಕೇರಿಯಲ್ಲೂ ಇಲ್ಲ."

"ಅವರದ್ದು," ಎಂದೆ, ಎಸ್ಪೆರಾನ್ಸಿನ ಕಡೆಗೆ ಕೈ ತೋರಿಸಿ. "ನೀರಿಗೆ ತಕರಾರಿಲ್ಲ. ನಿಮಗುಂಟಾ?"

ಅವನಿಗೆ ಇದ್ದಿರಬಹುದು. ಆದರೆ ಅಷ್ಟರಲ್ಲಿ ರೆಜಿನ್ ಅತ್ತೆಯ ಮುಂದೆ ಮೊಣಕಾಲೂರಿ ಬಾಯಿ ತೆರೆದಿದ್ದಳು, ಹಕ್ಕಿಮರಿಯ ಹಾಗೆ. ದೋಸಿಯಾಗಿದ್ದರೆ ಅವಳ ನಾಲಿಗೆಗೆ ಎರಡನೆಯ ಸಲ ಹಿಡಿಯುತ್ತಿರಲಿಲ್ಲ, ಇದು ಹೊಸ ಮಾತು. ಎಸ್ಪೆರಾನ್ಸ್ ಅಂಗೈ ತುಂಬಿಸಿ ಕೊಟ್ಟಳು. ಬೆಲ್ಲ ಇಲ್ಲದೆ. ರೆಜಿನ್ ಎದ್ದು ಹಗ್ಗ ಹಿಡಿದು ತಾನೇ ಸೇದಿದಳು, ಅತ್ತೆ ಕರೆದ ಹಾಗೆಯೇ ಕರೆದಳು. ಈ ಸಲ ರುಚಿ ನೋಡಲು ಗುರ್ಕಾರನಿಗಾಗಿ ಯಾರೂ ಕಾಯಲಿಲ್ಲ. ಸಾಲ್ವದೋರ್ ಜನರನ್ನು ತಳ್ಳಿಕೊಂಡು ಬಂದು ಬಾಲ್ದಿಗೇ ಮುಖ ಹಾಕಿದ. ಕೂಸಪ್ಪ ಕಡವಿಗೆ ಹೋಗಿ ದೋಣಿಯ ಕಟ್ಟು ಬಿಚ್ಚಿ ಆಚೆ ದಡದ ಗಿರಾಕಿಗಳನ್ನು ತರಲು ಹೊರಟ.

ಕೇರಿಗಲ್ಲದೆ ಒಂದು ಮನೆಗೇ ಬೇರೆ ಮಾತು ಇರುವುದು ಸರಿಯಲ್ಲ ಎಂದು ನಾಲ್ಕೂ ಕೇರಿಯವರು ಇನ್ನೂ ಗೊಣಗುತ್ತಾರೆ. ಗೊಣಗಲಿ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ನನ್ನ ನೀರನ್ನು ಹೆದರಿ ಹೆದರಿ ರುಚಿ ನೋಡಿದೆ. ಸರಿಯಾಗಿತ್ತು. ಹಾಲು ಕಾಯುತ್ತಿದ್ದಾಗ ಎಸ್ಪೆರಾನ್ಸ್ ಬಂದು, ಕೂಸಪ್ಪನನ್ನು ಸರಿಸಿ ಬೆಂಚಿನ ತುದಿಯಲ್ಲಿ ಕೂತಳು. ನಾನು ಏಲಕ್ಕಿ ಕುಟ್ಟಿ ಹಾಕಿ ಲೋಟ ಮುಂದಿಟ್ಟೆ. ತುಟಿ ಸುಡುತ್ತಿದ್ದಿರಬೇಕು, ಊದಿ ಊದಿ ಕುಡಿದಳು. ತಳದ ಚಹಾಪುಡಿ ಕಾಣುವವರೆಗೆ ಕುಡಿದಳು.

"ಹೇಗುಂಟು?" ಎಂದೆ.

"ಚಾಪುಡಿ ಸಾಲದು," ಎಂದಳು. "ನೀರು ನೀರು."

ನನ್ನ ಅಂಗಡಿಯಲ್ಲಿ ಕೂತು ನನಗೆ ಹಾಗೆ ಹೇಳಿದವರು ಇವತ್ತಿನವರೆಗೆ ಯಾರೂ ಇಲ್ಲ. ಸೋಸುವ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ, ಬಾಯಿಗೆ ಬಂದದ್ದನ್ನು ಹೇಳಲು ತಿರುಗಿದೆ. ಅವಳು ಖಾಲಿ ಲೋಟವನ್ನು ನನ್ನ ಕಡೆಗೆ ಚಾಚಿ ಹಿಡಿದಿದ್ದಳು.

"ಇನ್ನೊಂದು ಹಾಕಿ ಬಾಯಿ."

ಹಾಕಿದೆ.